ಮೋಟರ್‌ಹೋಮ್ ಟೈರುಗಳು: ಬದಲಾವಣೆ, ಹೊಂದಾಣಿಕೆ ಮತ್ತು ಸ್ಟೆಪ್ನಿ

ಮಲಗಲು, ಅಡುಗೆ ಮಾಡಲು, ಸ್ನಾನ ಮಾಡಲು ಬೇಕಾದ ಅನುಕೂಲಗಳನ್ನೆಲ್ಲ ಒಳಗೊಂಡು ತನ್ನದೇ ಎಂಜಿನ್ನಿನ ಬಲದಿಂದ ಓಡುವ ವಾಹನಕ್ಕೆ ಮೋಟರ್‌ಹೋಮ್ ಎಂದು ಹೆಸರು. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೊ ಕಂಪನಿಯು 1966ರಲ್ಲಿ ತನ್ನ ಮೊದಲ ಮೋಟರ್‌ಹೋಮನ್ನು ಹೊರತಂದ ಮೇಲೆ ಈ ವಾಹನ ಅಲ್ಲಿನ ಮಧ್ಯಮ ವರ್ಗದ ಕೈಗೂ ಎಟುಕಿತು. ಲಾರಿ ಅಥವಾ ವ್ಯಾನಿನ ಚಾಸಿಯ ಮೇಲೆ ಮನೆಯನ್ನು ಕೂರಿಸುವುದರಿಂದ ಇದರ ಟೈರುಗಳೂ ಲಾರಿ, ವ್ಯಾನುಗಳವೇ. ಆದರೆ ಅವುಗಳ ಬದುಕಿನ ಬಗೆ ಬೇರೆ. ಲಾರಿಯ ಟೈರು ಓಡಿ ಓಡಿ ಸವೆಯುತ್ತದೆ. ಮೋಟರ್‌ಹೋಮಿನ ಟೈರು ನಿಂತಲ್ಲೇ ಮುಪ್ಪಾಗುತ್ತದೆ. ಲಾರಿ ಸರಕು ಇಳಿಸಿ ಖಾಲಿಯಾಗಿ ಮರಳುವುದುಂಟು. ಮೋಟರ್‌ಹೋಮ್ ತನ್ನ ಮನೆಯನ್ನು ಎಂದೂ ಕೆಳಗಿಳಿಸುವುದಿಲ್ಲ. ಹೀಗಾಗಿ ಟೈರನ್ನು ಯಾವಾಗ ಬದಲಿಸಬೇಕು, ಯಾವುದಕ್ಕೆ ಯಾವುದನ್ನು ಜೋಡಿಸಬೇಕು, ಸ್ಟೆಪ್ನಿ ಬೇಕೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಟೈರಿನ ವಯಸ್ಸು, ಹೊರುವ ಭಾರ ಮತ್ತು ಸುತ್ತಳತೆಯಲ್ಲೇ ಹುಡುಕಬೇಕು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ.

ವರ್ಗಗಳು ಮತ್ತು ಅಳತೆಗಳು

ಅಮೆರಿಕದಲ್ಲಿ ಮೋಟರ್‌ಹೋಮುಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದಾರೆ. ಬಸ್ಸಿನಂತೆ ಚಪ್ಪಟೆ ಮುಖದ ದೊಡ್ಡ ವಾಹನಗಳು ಎ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಹಗುರವಾದವಕ್ಕೆ 19.5 ಇಂಚಿನ ರಿಮ್ಮುಗಳಿರುತ್ತವೆ (245/70ಆರ್19.5 ಸಾಮಾನ್ಯ ಅಳತೆ). ಭಾರವಾದವಕ್ಕೆ 22.5 ಇಂಚಿನ ರಿಮ್ಮುಗಳಿರುತ್ತವೆ; 235/80, 275/80, 295/80 ಮೊದಲಾದ ಲಾರಿ-ಬಸ್ಸಿನ ಅಳತೆಗಳೆಲ್ಲ ಇವುಗಳಲ್ಲಿ ಕಾಣುತ್ತವೆ. ವ್ಯಾನಿನ ಒಡಲನ್ನೇ ಮನೆಯಾಗಿಸಿದ್ದು ಬಿ ವರ್ಗ. ವ್ಯಾನಿನ ಮುಂಭಾಗವನ್ನು ಉಳಿಸಿಕೊಂಡು ಹಿಂದೆ ಅಗಲವಾದ ಮನೆ ಕಟ್ಟಿ, ಚಾಲಕನ ತಲೆಯ ಮೇಲೂ ಹಾಸಿಗೆ ಮಾಡಿದ್ದು ಸಿ ವರ್ಗ. ಸಿ ವರ್ಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫೋರ್ಡ್ ಇ-450 ಚಾಸಿಗೆ ಎಲ್‌ಟಿ225/75ಆರ್16 ಟೈರು ಹಾಕುತ್ತಾರೆ. ಮುಂದೆ ಎರಡು, ಹಿಂದೆ ಒಂದೊಂದು ಬದಿಗೆ ಎರಡೆರಡರಂತೆ ನಾಲ್ಕು, ಒಟ್ಟು ಆರು.

ಯುರೋಪಿನ ಮೋಟರ್‌ಹೋಮುಗಳು ಹೆಚ್ಚಾಗಿ ಫಿಯೆಟ್ ಡುಕಾಟೊದಂಥ ವ್ಯಾನುಗಳ ಮೇಲೆ ಕಟ್ಟಿದವು. ಹಿಂದಿನ ಆಕ್ಸಲ್‌ಗೆ ಬದಿಗೊಂದೇ ಚಕ್ರ. ಇವಕ್ಕೆಂದೇ ಅಲ್ಲಿ ‘ಸಿಪಿ’ ಗುರುತಿನ ಟೈರುಗಳಿವೆ. ಸದಾ ಗರಿಷ್ಠ ಭಾರದ ಹತ್ತಿರದಲ್ಲೇ ಬದುಕುವ ವಾಹನಕ್ಕೆ ತಕ್ಕಂತೆ ಅವುಗಳ ಮೈಕಟ್ಟು ಗಟ್ಟಿ. ಒಂಟಿ ಚಕ್ರದ ಹಿಂದಿನ ಆಕ್ಸಲ್‌ನಲ್ಲಿ 225/75ಆರ್16ಸಿಪಿ ಟೈರಿಗೆ 5.5 ಬಾರ್, ಅಂದರೆ ಸುಮಾರು 80 ಪಿಎಸ್‌ಐ ಗಾಳಿ ಹಿಡಿಸುವ ಶಿಫಾರಸು ಇದೆ. ಕಾರಿಗೆ ಹಾಕುವ ಮಾಮೂಲಿ ರಬ್ಬರ್ ವಾಲ್ವ್ ಸುಮಾರು 65 ಪಿಎಸ್‌ಐವರೆಗೆ ಮಾತ್ರ ತಡೆಯುತ್ತದೆ. ಆದ್ದರಿಂದ ಟೈರು ಬದಲಿಸುವಾಗ ಲೋಹದ ಅಥವಾ ಹೆಚ್ಚಿನ ಒತ್ತಡದ ವಾಲ್ವನ್ನೇ ಕೇಳಿ ಹಾಕಿಸಬೇಕು. ಟೈರು ಹೊಸದಾಗಿದ್ದು ವಾಲ್ವಿನಿಂದ ಕೆಟ್ಟರೆ ಅದು ಕೇಳಿ ಪಡೆದ ಕಷ್ಟವೇ ಸರಿ.

ಟೈರಿನ ಪಕ್ಕೆಯ ಬರಹ

ಟೈರಿನ ಪಕ್ಕೆಯ ಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ. ಎಲ್‌ಟಿ225/75ಆರ್16 115/112 ಎಂಬ ಬರಹವನ್ನು ನೋಡೋಣ. 225 ಎಂಬುದು ಮಿಲಿಮೀಟರ್‌ಗಳಲ್ಲಿ ಅಗಲ. 75 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 75ರಷ್ಟು. ಆರ್ ಅಕ್ಷರ ರೇಡಿಯಲ್ ರಚನೆಯನ್ನು, 16 ರಿಮ್ಮಿನ ವ್ಯಾಸವನ್ನು ಇಂಚಿನಲ್ಲಿ ಹೇಳುತ್ತದೆ. ಮೋಟರ್‌ಹೋಮಿನವರು ಮರೆಯಬಾರದ್ದು ಕೊನೆಯ ಜೋಡಿ ಸಂಖ್ಯೆ. 115 ಎಂದರೆ ಟೈರು ಒಂಟಿಯಾಗಿದ್ದಾಗ ಹೊರಬಲ್ಲ ಭಾರ 1,215 ಕಿಲೋ. 112 ಎಂದರೆ ಜೋಡಿಯಾಗಿದ್ದಾಗ ಒಂದೊಂದೂ ಹೊರಬಲ್ಲ ಭಾರ 1,120 ಕಿಲೋ. ಜೋಡಿಯಲ್ಲಿ ಲೆಕ್ಕ ಕಡಿಮೆಯಾಗಲು ಕಾರಣವಿದೆ: ರಸ್ತೆಯ ಉಬ್ಬುತಗ್ಗಿನಲ್ಲಿ ಎರಡೂ ಟೈರುಗಳು ಯಾವಾಗಲೂ ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಲೋಡ್ ರೇಂಜ್ ಎಂಬ ಅಕ್ಷರ ಟೈರಿನ ಬಲವನ್ನು ತಿಳಿಸುತ್ತದೆ: ಇ ಎಂದರೆ 10 ಪ್ಲೈ, ಎಫ್ 12, ಜಿ 14, ಎಚ್ 16 ಪ್ಲೈಗಳಿಗೆ ಸಮಾನ.

ಇ-450 ಚಾಸಿಯ 14,500 ಪೌಂಡ್ ತೂಕಮಿತಿಯ ಮಾದರಿಯಲ್ಲಿ ಹಿಂದಿನ ಆಕ್ಸಲ್‌ನ ಮಿತಿ 9,600 ಪೌಂಡ್, ಎಂದರೆ ಸುಮಾರು 4,354 ಕಿಲೋ. ಹಿಂದಿನ ನಾಲ್ಕು ಟೈರುಗಳ ಒಟ್ಟು ಸಾಮರ್ಥ್ಯ 4,480 ಕಿಲೋ. ನಡುವೆ ಉಳಿಯುವುದು 126 ಕಿಲೋ ಮಾತ್ರ. ಬೀರುಗಳಲ್ಲಿ ಪಾತ್ರೆ, ತೊಟ್ಟಿಯಲ್ಲಿ ನೀರು, ಹಿಂದೆ ಸೈಕಲ್ಲುಗಳು ಎಂದು ಸೇರಿಸುತ್ತ ಹೋದರೆ ಈ ಅಂತರ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. 100 ಲೀಟರ್ ನೀರೇ 100 ಕಿಲೋ ತೂಗುತ್ತದೆ.

ಬದಲಿಸುವ ಕಾಲ

ಅಮೆರಿಕದ ಮಾರುಕಟ್ಟೆಯ ಟೈರುಗಳ ಮೇಲೆ ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತವಿರುತ್ತದೆ. 2000ದಿಂದೀಚೆಗೆ ಅದರ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಆ ಟೈರು ಕಳೆದ ಶತಮಾನದ್ದು. ಅದನ್ನು ರಸ್ತೆಗೆ ಇಳಿಸುವ ಮಾತೇ ಬೇಡ.

ಪೂರ್ಣ ಸಂಕೇತವನ್ನು ಟೈರಿನ ಒಂದೇ ಪಕ್ಕೆಯ ಮೇಲೆ ಅಚ್ಚು ಮಾಡುವುದುಂಟು. ಆ ಪಕ್ಕೆ ಒಳಮುಖವಾಗಿ ಕೂತಿದ್ದರೆ ವಾಹನದ ಕೆಳಗೆ ನುಸುಳಿ ಟಾರ್ಚ್ ಹಿಡಿದು ಓದಬೇಕು. ಜೋಡಿ ಚಕ್ರದಲ್ಲಂತೂ ಎರಡು ಟೈರುಗಳ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಅದು ಅಡಗಿರಬಹುದು. ಬೆಳಕನ್ನು ಓರೆಯಾಗಿ ಬಿಟ್ಟು, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಣ್ಣ ಕನ್ನಡಿಯನ್ನೋ ಮೊಬೈಲ್ ಕ್ಯಾಮೆರಾವನ್ನೋ ಸಂದಿಗೆ ಹಿಡಿದರೆ ಅಂಕಿಗಳು ಮೂಡುತ್ತವೆ. ಹಳೆಯ ಮೋಟರ್‌ಹೋಮ್ ಕೊಳ್ಳುವವರು ಎಂಜಿನ್ ಚಾಲೂ ಮಾಡಿ ನೋಡುವುದಕ್ಕೂ ಮೊದಲು ಈ ಕೆಲಸ ಮಾಡಬೇಕು. ಹೊರಗಿನ ಟೈರುಗಳನ್ನು ಬದಲಿಸಿ ಒಳಗಿನವನ್ನು ಹಾಗೆಯೇ ಬಿಟ್ಟಿದ್ದರೆ ಅದು ಬಯಲಾಗುವುದೂ ಇಲ್ಲೇ.

ರಬ್ಬರು ಹಳತಾಗುವುದು ರಾಸಾಯನಿಕ ಕ್ರಿಯೆ. ಗಾಳಿಯಲ್ಲಿರುವ ಓಜೋನ್, ಬಿಸಿಲು ಮತ್ತು ಶಾಖ ಸೇರಿ ಅದನ್ನು ಗಡಸಾಗಿಸುತ್ತವೆ. ಇದನ್ನು ತಡೆಯುವ ರಾಸಾಯನಿಕಗಳನ್ನು ತಯಾರಕರು ರಬ್ಬರಿನಲ್ಲೇ ಬೆರೆಸಿರುತ್ತಾರೆ. ಟೈರು ಉರುಳಿ ಮಣಿದಾಗ ಅವು ಮೇಲ್ಮೈಗೆ ಜಿನುಗಿ ಬಂದು ಕಾಪಾಡುತ್ತವೆ. ತಿಂಗಳುಗಟ್ಟಲೆ ನಿಂತ ಟೈರಿನಲ್ಲಿ ಈ ಜಿನುಗು ನಡೆಯುವುದಿಲ್ಲ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಒಳಗಿನ ಉಕ್ಕಿನ ಪಟ್ಟಿಗಳ ನಡುವಿನ ಅಂಟು ಸಡಿಲವಾಗುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಹೀಗಾಗಿಯೇ ಟ್ರೆಡ್ ಆಳವಾಗಿ ಉಳಿದಿದ್ದರೂ ಟೈರು ಅಪಾಯಕಾರಿಯಾಗಿರಬಲ್ಲದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದರೆ ನೋಡಲು ಹೇಗಿದ್ದರೂ ತೆಗೆಯಬೇಕು ಎಂದು ಮಿಷಲಿನ್ ಹೇಳುತ್ತದೆ. ಎಚ್ಚರದ ಮೋಟರ್‌ಹೋಮ್ ಮಾಲೀಕರು ಆರೇಳು ವರ್ಷಕ್ಕೇ ಬದಲಿಸುತ್ತಾರೆ. ಬ್ರಿಟನ್ನಿನಲ್ಲಿ 2021ರ ಫೆಬ್ರುವರಿ 1ರಿಂದ ಲಾರಿ, ಬಸ್ಸುಗಳ ಮುಂದಿನ ಆಕ್ಸಲ್‌ನಲ್ಲಿ ಹತ್ತು ವರ್ಷ ಮೀರಿದ ಟೈರು ಹಾಕುವುದನ್ನೇ ಕಾನೂನು ನಿಷೇಧಿಸಿದೆ. ವಯಸ್ಸೊಂದೇ ಟೈರನ್ನು ತಳ್ಳಿಹಾಕಲು ಸಾಕಾದ ಕಾರಣ ಎಂಬುದನ್ನು ಅಲ್ಲಿನ ಸರ್ಕಾರವೂ ಒಪ್ಪಿದಂತಾಯಿತು.

ಟ್ರೆಡ್ ಲೆಕ್ಕವೂ ಇದೆ. ಅಮೆರಿಕದ ವಾಣಿಜ್ಯ ವಾಹನ ನಿಯಮದಂತೆ ಮುಂದಿನ ಚಕ್ರಗಳಿಗೆ ಇಂಚಿನ 32ರಲ್ಲಿ 4 ಭಾಗ (ಸುಮಾರು 3.2 ಮಿ.ಮೀ.), ಉಳಿದವಕ್ಕೆ 2 ಭಾಗ ಕನಿಷ್ಠ ಆಳ ಬೇಕು. ಸ್ವಂತ ಬಳಕೆಯ ಮೋಟರ್‌ಹೋಮಿಗೆ ಇದು ಕಡ್ಡಾಯವಲ್ಲದಿದ್ದರೂ ಒಳ್ಳೆಯ ಅಳತೆಗೋಲು. ಭಾರತದ ಮೋಟಾರು ವಾಹನ ನಿಯಮಗಳು ನಾಲ್ಕು ಚಕ್ರದ ವಾಹನಗಳಿಗೆ 1.6 ಮಿ.ಮೀ. ಎನ್ನುತ್ತವೆ.

ಹೊಂದಾಣಿಕೆಯ ನಿಯಮಗಳು

ಒಂದೇ ಆಕ್ಸಲ್‌ನ ಟೈರುಗಳೆಲ್ಲ ಒಂದೇ ಅಳತೆ, ಒಂದೇ ರಚನೆ, ಒಂದೇ ಲೋಡ್ ರೇಂಜಿನವಾಗಿರಬೇಕು. ಸಾಧ್ಯವಾದಷ್ಟೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿದ್ದರೆ ಮೇಲು. ರೇಡಿಯಲ್ ಟೈರನ್ನೂ ಹಳೆಯ ಅಡ್ಡನೂಲಿನ ಬಯಾಸ್ ಟೈರನ್ನೂ ಒಂದು ಆಕ್ಸಲ್‌ನಲ್ಲಿ ಬೆರೆಸಲೇಬಾರದು. ರೀಸೋಲ್ ಮಾಡಿದ ಟೈರುಗಳನ್ನು ಬಸ್ಸಿನ ಮುಂದಿನ ಚಕ್ರಕ್ಕೆ ಹಾಕುವುದನ್ನು ಅಮೆರಿಕದ ನಿಯಮ ನಿಷೇಧಿಸುತ್ತದೆ. ಮನೆಮಂದಿಯನ್ನೆಲ್ಲ ಹೊತ್ತೊಯ್ಯುವ ಮೋಟರ್‌ಹೋಮಿಗೂ ಆ ಎಚ್ಚರ ಸಲ್ಲುತ್ತದೆ. ಎರಡೇ ಹೊಸ ಟೈರು ಕೊಳ್ಳುವಷ್ಟು ಹಣವಿದ್ದರೆ ಅವೆರಡನ್ನೂ ಒಂದೇ ಆಕ್ಸಲ್‌ಗೆ ಹಾಕಬೇಕು, ಮುಂದೊಂದು ಹಿಂದೊಂದು ಹಂಚಬಾರದು.

ಜೋಡಿ ಚಕ್ರದ ಹೊಂದಾಣಿಕೆ ಇನ್ನೂ ಸೂಕ್ಷ್ಮ. ಎರಡೂ ಚಕ್ರಗಳು ಒಂದೇ ಹಬ್‌ಗೆ ಬಿಗಿದಿರುವುದರಿಂದ ಒಂದೇ ವೇಗದಲ್ಲಿ ಸುತ್ತಲೇಬೇಕು. ಒಂದು ದೊಡ್ಡದು, ಒಂದು ಚಿಕ್ಕದಾದರೆ ದೊಡ್ಡದರ ಮೇಲೆ ಭಾರ ಹೆಚ್ಚು ಬೀಳುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿಕೊಂಡು ಸಾಗುತ್ತದೆ. ಎರಡರ ವ್ಯಾಸದಲ್ಲಿ ಕಾಲು ಇಂಚು (ಸುಮಾರು 6 ಮಿ.ಮೀ.), ಅಂದರೆ ಸುತ್ತಳತೆಯಲ್ಲಿ ಮುಕ್ಕಾಲು ಇಂಚಿಗಿಂತ (19 ಮಿ.ಮೀ.) ಹೆಚ್ಚು ವ್ಯತ್ಯಾಸ ಇರಬಾರದೆಂಬುದು ರೂಢಿಯ ಮಿತಿ. ಇದು ಜುಜುಬಿ ಅಂತರ ಎನ್ನಿಸಬಹುದು. ಆದರೆ 225/75ಆರ್16 ಟೈರಿನ ಸುತ್ತಳತೆ ಸುಮಾರು 2.34 ಮೀಟರ್, ಒಂದು ಕಿಲೋಮೀಟರ್ ಸಾಗಲು ಅದು 430 ಸುತ್ತಿನಷ್ಟು ಉರುಳಬೇಕು. ಸುತ್ತಿಗೆ 19 ಮಿ.ಮೀ.ನಂತೆ ಪ್ರತಿ ಕಿಲೋಮೀಟರಿಗೆ 8 ಮೀಟರಿನ ಲೆಕ್ಕ ಕೂಡಿಬರದೆ ಉಳಿಯುತ್ತದೆ. ಆ ಲೆಕ್ಕವನ್ನು ತೀರಿಸುವುದು ಉಜ್ಜುವಿಕೆ, ಮತ್ತು ಉಜ್ಜುವಿಕೆ ಎಂದರೆ ಶಾಖ.

ಅಳೆಯುವುದು ಕಷ್ಟವೇನಲ್ಲ. ಚಕ್ರಗಳನ್ನು ಬಿಚ್ಚಿದಾಗ ಎರಡಕ್ಕೂ ಒಂದೇ ಮಟ್ಟಕ್ಕೆ ಗಾಳಿ ತುಂಬಿಸಿ, ಟ್ರೆಡ್‌ನ ನಡುಗೆರೆಯ ಮೇಲೆ ದರ್ಜಿಯ ಟೇಪನ್ನು ಸುತ್ತಿ ಎರಡೂ ಸುತ್ತಳತೆಗಳನ್ನು ಬರೆದುಕೊಂಡರೆ ಸಾಕು. ಹೊಸ ಟೈರನ್ನು ಅರ್ಧ ಸವೆದ ಟೈರಿನ ಪಕ್ಕ ಕೂರಿಸುವ ಮೊದಲು ಈ ಅಳತೆ ಕಡ್ಡಾಯ. ಜೋಡಿಯ ನಡುವಿನ ಸಂದಿಯೂ ಮುಖ್ಯ: ಅಗಲವಾದ ಟೈರು ಹಾಕಿದರೆ ಉಬ್ಬಿದ ಪಕ್ಕೆಗಳು ಒಂದನ್ನೊಂದು ಮುಟ್ಟಿ ಬಿಸಿಯಾಗುತ್ತವೆ. ಆಲ್ ವೀಲ್ ಡ್ರೈವ್ ವ್ಯಾನುಗಳಲ್ಲಿ ಹಿಂದೆ ಮುಂದಿನ ಆಕ್ಸಲ್‌ಗಳ ನಡುವೆಯೂ ಸುತ್ತಳತೆ ಸಮನಾಗಿರಬೇಕು, ಇಲ್ಲವಾದರೆ ಗೇರು ಪೆಟ್ಟಿಗೆಗಳಿಗೆ ಪೆಟ್ಟು.

ಟೈರು-ರಿಮ್ಮಿನ ಹೊಂದಾಣಿಕೆ ತಪ್ಪಿದರೆ ಪ್ರಾಣವೇ ಹೋಗಬಹುದು. ಜನರಲ್ ಮೋಟರ್ಸ್ 1973ರಿಂದ 1978ರವರೆಗೆ ತಯಾರಿಸಿದ ಆರು ಚಕ್ರದ ಜಿಎಂಸಿ ಮೋಟರ್‌ಹೋಮ್ 16.5 ಇಂಚಿನ ರಿಮ್ಮುಗಳೊಂದಿಗೆ ಬಂದಿತ್ತು. ಇಂದಿಗೂ ಅದನ್ನು ಅಕ್ಕರೆಯಿಂದ ಸಾಕುವವರಿದ್ದಾರೆ. ಆದರೆ 16.5 ಅಳತೆ ಮಾರುಕಟ್ಟೆಯಿಂದ ಮರೆಯಾಗುತ್ತ ಬಂದದ್ದರಿಂದ ಅವರಲ್ಲಿ ಅನೇಕರು ರಿಮ್ಮುಗಳನ್ನೇ 16 ಇಂಚಿಗೆ ಬದಲಿಸಿಕೊಂಡರು. ಅದೇ ಸರಿಯಾದ ದಾರಿ. 16 ಇಂಚಿನ ಟೈರು 16.5ರ ರಿಮ್ಮಿನೊಳಗೆ ಹೊಕ್ಕಂತೆ ಕಾಣುತ್ತದೆ, ಆದರೆ ಅಂಚು ಎಂದೂ ಸರಿಯಾಗಿ ಕೂರುವುದಿಲ್ಲ. ಕೂರಿಸಲು ಗಾಳಿ ಏರಿಸುತ್ತ ಹೋದರೆ ಅಂಚಿನೊಳಗಿನ ಉಕ್ಕಿನ ತಂತಿ ತುಂಡಾಗಿ ಟೈರು ಬಾಂಬಿನಂತೆ ಸಿಡಿಯುತ್ತದೆ. ಈ ತಪ್ಪಿನಿಂದ ಟೈರು ಕೆಲಸಗಾರರು ಜೀವ ಕಳೆದುಕೊಂಡಿದ್ದಾರೆ.

ತೂಕ ಮತ್ತು ಗಾಳಿ

ಟೈರಿನ ಪಕ್ಕೆಯ ಮೇಲಿನ ಪಿಎಸ್‌ಐ ಸಂಖ್ಯೆ ಗರಿಷ್ಠ ಭಾರ ಹೊರಲು ಬೇಕಾದ ಗಾಳಿಯದು. ಚಾಲಕನ ಆಸನದ ಬಳಿಯ ಫಲಕದಲ್ಲಿ ವಾಹನ ತಯಾರಕರು ಸೂಚಿಸಿದ ಅಳತೆ ಮತ್ತು ಒತ್ತಡ ಇರುತ್ತದೆ. ಬೇಕಾದ ಒತ್ತಡವನ್ನು ತಿಳಿಯುವ ಮೂರನೆಯ ದಾರಿ, ಎಲ್ಲಕ್ಕಿಂತ ನಂಬಲರ್ಹವಾದದ್ದು, ತೂಗಿ ನೋಡುವುದು. ನೀರು, ಡೀಸೆಲ್, ಸಾಮಾನು, ಜನ ಎಲ್ಲ ತುಂಬಿಕೊಂಡು ಲಾರಿ ತೂಗುವ ಸೇತುವೆಗೆ ಹೋಗಿ, ಸಾಧ್ಯವಾದರೆ ಎಡ-ಬಲ ಬದಿಗಳನ್ನು ಬೇರೆ ಬೇರೆಯಾಗಿ ತೂಗಿಸಬೇಕು. ಅಡುಗೆಮನೆ, ಜನರೇಟರ್, ಫ್ರಿಜ್ ಒಂದೇ ಬದಿಗಿದ್ದರೆ ಆ ಬದಿಯ ಚಕ್ರಗಳ ಮೇಲೆ ಭಾರ ಹೆಚ್ಚಿರುತ್ತದೆ. ಹೆಚ್ಚು ಭಾರವಿರುವ ಬದಿಗೆ ಎಷ್ಟು ಗಾಳಿ ಬೇಕೆಂದು ಟೈರು ಕಂಪನಿಯ ಭಾರ-ಒತ್ತಡ ಪಟ್ಟಿಯಲ್ಲಿ ನೋಡಿ, ಆ ಆಕ್ಸಲ್‌ನ ಟೈರುಗಳಿಗೆಲ್ಲ ಅಷ್ಟನ್ನೇ ತುಂಬಿಸುವುದು ನಿಯಮ.

ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 5.5 ಸೆಲ್ಸಿಯಸ್) ಏರಿದರೆ ಒತ್ತಡ ಶೇ. 2ರಷ್ಟು ಏರುತ್ತದೆ, ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡುವುದು ತಪ್ಪು. ಬೇಕಾದಷ್ಟಕ್ಕಿಂತ ಶೇ. 20ರಷ್ಟು ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಪಂಕ್ಚರಾದ ಟೈರೆಂದೇ ಎಣಿಸಿ, ಬಿಚ್ಚಿ ಒಳಗೆ ತಪಾಸಿಸಬೇಕು.

ಭಾರಕ್ಕೂ ವೇಗಕ್ಕೂ ತಕ್ಕ ಟೈರನ್ನು ಆರಿಸುವುದು ಎಷ್ಟು ಗಂಭೀರ ವಿಷಯ ಎಂಬುದಕ್ಕೆ ಗುಡ್‌ಇಯರ್ ಜಿ159 ಪ್ರಕರಣ ಸಾಕ್ಷಿ. 275/70ಆರ್22.5 ಅಳತೆಯ ಈ ಟೈರುಗಳು 1996ರಿಂದ 2003ರವರೆಗೆ ತಯಾರಾಗಿ ಅನೇಕ ಎ ವರ್ಗದ ಮೋಟರ್‌ಹೋಮುಗಳನ್ನು ಸೇರಿದ್ದವು. ನಗರದಲ್ಲಿ ಸರಕು ಹಂಚುವ ಲಾರಿಗಳಿಗೆ ಒಪ್ಪುವ ಟೈರು ಹೆದ್ದಾರಿಯ ನಿರಂತರ ವೇಗದಲ್ಲಿ ಬಿಸಿಯಾಗಿ ಟ್ರೆಡ್ ಕಳಚಿಕೊಳ್ಳುತ್ತದೆ ಎಂಬುದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ವಾದ. 2017ರ ಕೊನೆಯಲ್ಲಿ ಅದು ತನಿಖೆ ಆರಂಭಿಸಿತು. 2022ರಲ್ಲಿ ಸುಮಾರು 1,73,000 ಟೈರುಗಳನ್ನು ಕಂಪನಿ ಹಿಂದಕ್ಕೆ ಕರೆಯಿತು. ಟೈರಿನಲ್ಲಿ ದೋಷವಿಲ್ಲ, ಕಡಿಮೆ ಗಾಳಿ ಮತ್ತು ಅತಿಭಾರದ ಅಪಾಯವನ್ನು ತಪ್ಪಿಸಲು ಈ ಕ್ರಮ ಎಂಬುದು ಕಂಪನಿಯ ನಿಲುವಾಗಿತ್ತು.

ಸ್ಟೆಪ್ನಿ

ಹೆಚ್ಚುವರಿ ಚಕ್ರಕ್ಕೆ ಕನ್ನಡಿಗರು ದಿನವೂ ಬಳಸುವ ‘ಸ್ಟೆಪ್ನಿ’ ಎಂಬ ಮಾತು ವೇಲ್ಸ್‌ನಿಂದ ಬಂದದ್ದು. ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಿದ್ದ ಡೇವಿಸ್ ಸಹೋದರರು 1904ರಲ್ಲಿ ‘ಸ್ಟೆಪ್ನಿ ಸ್ಪೇರ್ ವೀಲ್’ ರೂಪಿಸಿದರು. ಕಡ್ಡಿಗಳಿಲ್ಲದ ಆ ಬಳೆಯಲ್ಲಿ ಗಾಳಿ ತುಂಬಿದ ಟೈರು ಇರುತ್ತಿತ್ತು. ಪಂಕ್ಚರಾದ ಚಕ್ರಕ್ಕೆ ಅದನ್ನು ಹಿಡಿಕೆಗಳಿಂದ ಬಿಗಿದು ಮುಂದೆ ಹೋಗಬಹುದಿತ್ತು. ಕಂಪನಿ ಮರೆಯಾದರೂ ಅದರ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಉಳಿದಿದೆ.

ವಿಚಿತ್ರವೆಂದರೆ ಲಕ್ಷಾಂತರ ಡಾಲರಿನ ಎ ವರ್ಗದ ಮೋಟರ್‌ಹೋಮುಗಳಲ್ಲಿ ಹೆಚ್ಚಿನವು ಸ್ಟೆಪ್ನಿಯಿಲ್ಲದೆಯೇ ಮಾರಾಟವಾಗುತ್ತವೆ. 22.5 ಇಂಚಿನ ಟೈರು-ರಿಮ್ಮು ಸೇರಿದರೆ ಬಹಳ ಭಾರ. ಅದರ ನಟ್ಟುಗಳನ್ನು 450ರಿಂದ 500 ಅಡಿ-ಪೌಂಡ್ ಬಲದಲ್ಲಿ ಬಿಗಿಯಬೇಕು, ಇದು ಕಾರಿನ ನಟ್ಟಿಗೆ ಬೇಕಾದ ಬಲದ ನಾಲ್ಕೈದು ಪಟ್ಟು. ಹೆದ್ದಾರಿಯ ಅಂಚಿನಲ್ಲಿ ಹತ್ತು ಟನ್ ಮನೆಯನ್ನು ಜಾಕ್ ಮೇಲೆ ಎತ್ತಿ ಈ ಕೆಲಸ ಮಾಡುವುದು ಒಬ್ಬರಿಬ್ಬರಿಗೆ ಆಗದ ಮಾತು. ಆದ್ದರಿಂದ ಬಹುಪಾಲು ಜನ ರಸ್ತೆಬದಿ ನೆರವಿನ ಸೇವೆಗೆ ಚಂದಾದಾರರಾಗುತ್ತಾರೆ. ಆದರೆ ನೆರವಿನ ಗಾಡಿಯವನ ಬಳಿ ನಿಮ್ಮ ಅಳತೆಯ ಟೈರು ಇರುತ್ತದೆಂಬ ಖಾತ್ರಿಯಿಲ್ಲ. ಇದಕ್ಕೆ ಅನುಭವಿಗಳು ಕಂಡುಕೊಂಡ ನಡುದಾರಿ: ರಿಮ್ಮಿಲ್ಲದ ಬರಿಯ ಟೈರೊಂದನ್ನು ಕೆಳಗಿನ ಸಾಮಾನು ಅರೆಯಲ್ಲಿ ಒಯ್ಯುವುದು. ಟೈರು ನಮ್ಮದು, ಕೂರಿಸುವ ಯಂತ್ರ ಮತ್ತು ತೋಳ್ಬಲ ಅವರದು.

ಸಿ ವರ್ಗದವರಿಗೆ ಪೂರ್ಣ ಸ್ಟೆಪ್ನಿಯೇ ಒಳ್ಳೆಯದು. ಇಲ್ಲಿ ನೋಡಬೇಕಾದ ವಿಷಯಗಳಿವೆ. ಹಿಂದೆ ಮುಂದೆ ಒಂದೇ ಬಗೆಯ ರಿಮ್ಮಿದ್ದರೆ ಒಂದೇ ಸ್ಟೆಪ್ನಿ ಎಲ್ಲ ಕಡೆಗೂ ಆಗುತ್ತದೆ. ಒಳಗೆ ಉಕ್ಕಿನ ರಿಮ್ಮು, ಹೊರಗೆ ಅಲ್ಯೂಮಿನಿಯಂ ರಿಮ್ಮಿದ್ದರೆ ನಟ್ಟುಗಳ ಬಗೆ ಬೇರೆಯಾಗಬಹುದು. ಬೇಕಾದ ನಟ್ಟುಗಳನ್ನು ಜೊತೆಗೇ ಇಟ್ಟುಕೊಳ್ಳಬೇಕು. ಹಿಂದಿನ ಬಂಪರಿನ ಆಚೆ ಸ್ಟೆಪ್ನಿ ತೂಗುಹಾಕಿದರೆ ಹಿಂದಿನ ಆಕ್ಸಲ್‌ನ ಭಾರ ಸ್ಟೆಪ್ನಿಯ ತೂಕಕ್ಕಿಂತಲೂ ಹೆಚ್ಚು ಏರುತ್ತದೆ, ಮುಂದಿನದು ಹಗುರವಾಗುತ್ತದೆ. ಇನ್ನು ಸ್ಟೆಪ್ನಿಗೂ ವಯಸ್ಸಾಗುತ್ತದೆ. ನೆಲ ಕಾಣದ ಹನ್ನೆರಡು ವರ್ಷದ ಸ್ಟೆಪ್ನಿ ಹೊಸದಲ್ಲ. ಹತ್ತಿರದ ಅಂಗಡಿ ಮುಟ್ಟಲು ನಿಧಾನವಾಗಿ ಓಡಿಸುವುದಕ್ಕೆ ಮಾತ್ರ ಅದು ಲಾಯಕ್ಕು.

ಜೋಡಿಯಲ್ಲಿ ಒಂದು ಟೈರು ಹೋದರೂ ಇನ್ನೊಂದರ ಮೇಲೆ ಓಡಿಸಬಹುದು ಎಂಬ ನಂಬಿಕೆ ಅಪಾಯಕಾರಿ. ಮೇಲಿನ ಇ-450 ಲೆಕ್ಕದಲ್ಲಿ ಒಂದು ಬದಿಗೆ ಬೀಳುವ ಭಾರ 2,177 ಕಿಲೋ. ಉಳಿದ ಒಂಟಿ ಟೈರಿನ ಮಿತಿ 1,215. ಅದೂ ಸಿಡಿಯುತ್ತದೆ, ಇಲ್ಲವೇ ಎಳೆದಾಡುವ ಸತ್ತ ಟೈರು ಬೆಂಕಿ ಹಿಡಿಯುತ್ತದೆ. ಒಳಟೈರಿನ ಗಾಳಿ ಇಳಿದದ್ದು ಚಾಲಕನಿಗೆ ತಿಳಿಯುವುದೇ ಕಷ್ಟವಾದ್ದರಿಂದ ಪ್ರತಿ ವಾಲ್ವಿಗೂ ಒತ್ತಡ ತಿಳಿಸುವ ಸೆನ್ಸರ್ ಹಾಕಿಸುವುದು ಖರ್ಚಿಗೆ ತಕ್ಕ ರಕ್ಷಣೆ.

ಮುಂದಿನ ಟೈರು ಸಿಡಿದರೆ ಮೊದಲ ಕ್ಷಣದಲ್ಲಿ ಬ್ರೇಕ್ ಒತ್ತಬಾರದು. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ವಾಹನ ಪಕ್ಕಕ್ಕೆ ಎಳೆಯುವುದನ್ನು ಎದುರಿಸಲು ಒಂದು ಗಳಿಗೆ ಆಕ್ಸಲರೇಟರ್ ಒತ್ತಿ, ನೇರ ದಾರಿಗೆ ಬಂದ ಮೇಲೆ ನಿಧಾನವಾಗಿ ಅಂಚಿಗೆ ಸರಿಯಬೇಕು. ಚಕ್ರ ಬದಲಿಸಿದ ಮೇಲೆ 80ರಿಂದ 160 ಕಿ.ಮೀ. ಓಡಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಪಾನಾದಿಂದ ಬಿಗಿಯುವುದನ್ನು ಮರೆಯಬಾರದು.

ನಿಂತಾಗಿನ ಆರೈಕೆ

ಚಳಿಗಾಲಕ್ಕೆ ನಿಲ್ಲಿಸುವಾಗ ಟೈರಿಗೆ ಪೂರ್ತಿ ಗಾಳಿ ತುಂಬಿಸಿ, ಬಿಸಿಲಿನ ಕಡೆಗೆ ಹೊದಿಕೆ ಹಾಕಬೇಕು. ಹೊಳಪಿಗೆಂದು ಪೆಟ್ರೋಲಿಯಂ ಬೆರೆತ ಪಾಲಿಶ್ ಬಳಿದರೆ ರಬ್ಬರಿನ ರಕ್ಷಕ ರಾಸಾಯನಿಕ ತೊಳೆದುಹೋಗುತ್ತದೆ. ಸೋಪು ನೀರೇ ಸಾಕು. ವಾಹನ ಸಮತಟ್ಟಾಗಲು ಚಕ್ರದ ಕೆಳಗೆ ಹಲಗೆ ಇಡುವಾಗ ಟ್ರೆಡ್ ಪೂರ್ತಿ ಹಲಗೆಯ ಮೇಲೆ ಕೂರಬೇಕು. ಜೋಡಿಯಲ್ಲಿ ಒಂದು ಟೈರಿನ ಕೆಳಗೆ ಮಾತ್ರ ಹಲಗೆಯಿಟ್ಟರೆ ರಾತ್ರಿಯಿಡೀ ಅದೊಂದೇ ಎರಡರ ಭಾರ ಹೊರುತ್ತದೆ.

ಭಾರತದಲ್ಲಿ

ಭಾರತದಲ್ಲಿ ಕ್ಯಾರವಾನ್ ಎಂದೇ ಹೆಸರಾದ ಮೋಟರ್‌ಹೋಮುಗಳಿಗೆ ಎಐಎಸ್-124 ಎಂಬ ಮಾನದಂಡವಿದೆ. ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆಯನ್ನೇ ಆರಂಭಿಸಿತು. ಇಲ್ಲಿನ ಕ್ಯಾರವಾನುಗಳು ದೇಶದ ವ್ಯಾನು, ಬಸ್ಸು, ಲಾರಿಗಳ ಚಾಸಿಯ ಮೇಲೆ ಕಟ್ಟಿದವಾದ್ದರಿಂದ ಟೈರು ಸಿಗುವುದು ಸುಲಭ. ವಿಕ್ರಾಂತ್ ಎಂಬ ಹೆಸರಿನಿಂದ ಆರಂಭವಾಗಿ ಈಗ ಜೆಕೆ ಟೈರ್ ಕೈಯಲ್ಲಿರುವ ಮೈಸೂರಿನ ಕಾರ್ಖಾನೆಯೇ ಲಾರಿ-ಬಸ್ಸಿನ ಟೈರುಗಳಿಗೆ ಹೆಸರುವಾಸಿ. ಟ್ಯೂಬ್‌ಲೆಸ್ ಟೈರು, ಒತ್ತಡ ಸೂಚಕ ಮತ್ತು ದುರಸ್ತಿ ಕಿಟ್ ಇದ್ದರೆ 3.5 ಟನ್ನಿನೊಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರ ತಿದ್ದುಪಡಿ ಹೇಳುತ್ತದೆ. ಆದರೆ ದುರಸ್ತಿ ಕಿಟ್ಟಿನ ಅಂಟು ಮೊಳೆ ಚುಚ್ಚಿದ ತೂತನ್ನು ಮುಚ್ಚಬಲ್ಲದು, ಸೀಳಿದ ಪಕ್ಕೆಯನ್ನಲ್ಲ. ಘಟ್ಟದ ತಿರುವಿನಲ್ಲಿ ಚೂಪುಗಲ್ಲಿಗೆ ಪಕ್ಕೆ ಕೊಟ್ಟ ಟೈರಿಗೆ ಸ್ಟೆಪ್ನಿಯೊಂದೇ ಮದ್ದು.

ವಾಹನ ಯಾವ ದೇಶದ್ದಾದರೂ, ಸ್ವಂತದ್ದಾದರೂ ಬಾಡಿಗೆಯದಾದರೂ, ಹೊರಡುವ ಮೊದಲು ಒಂದು ಹಾಳೆಯ ಮೇಲೆ ಪ್ರತಿ ಟೈರಿನ ವಾರ-ವರ್ಷ, ಪ್ರತಿ ಬದಿಯ ತೂಕ, ಅದಕ್ಕೆ ತಕ್ಕ ಪಿಎಸ್‌ಐ ಬರೆದು ಚಾಲಕನ ಬಳಿ ಇಡಬೇಕು. ಸ್ಟೆಪ್ನಿಗೂ ಆ ಹಾಳೆಯಲ್ಲಿ ಒಂದು ಸಾಲು ಇರಬೇಕು. ಆ ಸಾಲನ್ನು ತುಂಬಲು ವಾಹನದ ಕೆಳಗೆ ಬಗ್ಗಿ ನೋಡುವವರಿಗೆ ಸ್ಟೆಪ್ನಿಯಲ್ಲಿ ಗಾಳಿಯಿಲ್ಲದ ಸಂಗತಿ ಮನೆಯಂಗಳದಲ್ಲೇ ತಿಳಿಯುತ್ತದೆ.